ಮನ್ವೇಲನ ಕೈಯಲ್ಲಿದ್ದ ಲೆಕ್ಕದ ಪುಸ್ತಕ



ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬ ಅಳುಕು ಕೆಲವು ತಂದೆತಾಯಿಗಳಿಗಿದೆ. ಅದರಲ್ಲಿ ಕುಡಿತವಿದೆ, ಹೆಣ್ಣಿನ ಶೋಷಣೆಯಿದೆ, ಮೇಲಾಗಿ ಕೆಟ್ಟವನಿಗೆ ನಮ್ಮವರ ಹೆಸರಿದೆ! ಕಾಲೇಜು ಮೆಟ್ಟಿಲು ಹತ್ತಿದವರು ಧಾರಾಳವಾಗಿ ಓದಲಿ. ಅವರಿಗಿಂತ ಮೊದಲು ನೀವು ಓದಿ.

1933ರ ಈ ಕಾದಂಬರಿಯ ಚೋಮ ಅಸ್ಪೃಶ್ಯ ಜೀತದಾಳು. ಎತ್ತುಗಳಿವೆ, ಉಳಲು ಹೊಲವಿಲ್ಲ; ಅವನ ಜಾತಿಯವರು ಬೇಸಾಯಗಾರರಾಗುವಂತಿಲ್ಲ. ಆ ಒಂದೇ ಹಂಬಲ ಅವನನ್ನು ಒಳಗಿನಿಂದ ತಿನ್ನುತ್ತದೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಮಗಳು ಬೆಳ್ಳಿ ತೋಟದ ರೈಟರ್ ಮನ್ವೇಲನ ಮಾತಿಗೆ ಮರುಳಾಗುತ್ತಾಳೆ. ಧಣಿಯ ಕಾಮಕ್ಕೆ ಅವಳು ಬಲಿಯಾದ ಮೇಲೆ ಸಾಲ ಮನ್ನಾ ಆಗುತ್ತದೆ.

'ದೇವರು ನಮ್ಮೊಡನಿದ್ದಾರೆ' ಎಂಬರ್ಥದ ಇಮ್ಮಾನುವೇಲನೇ ಜನರ ಬಾಯಲ್ಲಿ ಮನ್ವೇಲ. ಇದು ನಮ್ಮನ್ನು ಚುಚ್ಚಬೇಕು. ಆದರೆ ಲೇಖಕರ ಮೇಲೆ ಸಿಟ್ಟಾಗಿ ಫಲವಿಲ್ಲ. ದಾವೀದ ಅರಸ ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಕೊಲ್ಲಿಸಿದ್ದನ್ನು ಬೈಬಲ್ ಮುಚ್ಚಿಟ್ಟಿದೆಯೇ? ನಾತಾನ್ ಪ್ರವಾದಿ ಅರಸನ ಮುಂದಿಟ್ಟದ್ದು ಒಂದು ಕಥೆಯನ್ನೇ: ಬಡವನ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ. ಕಥೆಯ ಸಿರಿವಂತನ ಮೇಲೆ ಕೆರಳಿದ ದಾವೀದನಿಗೆ ಅವನು ತಾನೇ ಎಂದು ತಿಳಿದದ್ದು ಆಮೇಲೆ.

ಜಮೀನಿನ ಆಸೆಗೆ ಚೋಮ ಕ್ರೈಸ್ತನಾಗಲು ಹೊರಟು, ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಗುರುವಾಗಿ ಹೇಳುತ್ತೇನೆ, ಅವನು ಹಿಂದಿರುಗಿದ್ದೇ ಸರಿ. ಬಡವರನ್ನೂ ಓದುಬರಹವಿಲ್ಲದವರನ್ನೂ ಒತ್ತಾಯದಿಂದಾಗಲಿ, ಅಯೋಗ್ಯ ಆಮಿಷದಿಂದಾಗಲಿ ಧರ್ಮಕ್ಕೆ ಸೆಳೆಯಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬೋಧಿಸಿತು.

ಇನ್ನೊಂದು ಮಾತು. ಮನ್ವೇಲನ ಜೊತೆ ಮಗಳನ್ನು ಕಂಡ ಚೋಮ ಅವಳನ್ನೇ ಹೊಡೆದು ಹೊರಗಟ್ಟುತ್ತಾನೆ. ಊರೆಲ್ಲ ತುಳಿದವನಿಗೂ ತುಳಿಯಲು ಒಬ್ಬಳು ಸಿಕ್ಕಳು. ಬಾಗಿಲು ಮುಚ್ಚಿ ದುಡಿ ಬಡಿಯುತ್ತಾ ಅವನು ಸಾಯುವಾಗ ನಮ್ಮ ಕಣ್ಣೀರೆಲ್ಲ ಅವನಿಗೇ; ಬೆಳ್ಳಿಯನ್ನು ನೆನೆಯುವವರು ಕಡಿಮೆ.

ಬಿ.ವಿ. ಕಾರಂತರ ಚಲನಚಿತ್ರ ತಯಾರಾದ 1975ರಲ್ಲೇ ಜೀತ ರದ್ದತಿಯ ಸುಗ್ರೀವಾಜ್ಞೆ ಬಂದಿತು, 1976ರಲ್ಲಿ ಕಾಯ್ದೆಯಾಯಿತು. ಆದರೂ ಬೆಳ್ಳಿಯನ್ನು ಕಟ್ಟಿಹಾಕಿದ್ದು ಸರಪಳಿಯಲ್ಲ, ಲೆಕ್ಕದ ಪುಸ್ತಕ. ಚಂದ್ರಾ ಲೇಔಟಿನ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು ಮಕ್ಕಳ ಫೀಸಿಗೆಂದು ಮುಂಗಡ ಪಡೆದಿರುತ್ತಾಳೆ. ಮನೆಯ ಗಂಡಸೊಬ್ಬನ ನಡತೆ ಹಿಡಿಸದೆ ನಾಳೆಯಿಂದ ಬರುವುದಿಲ್ಲ ಎನ್ನಲು ಅವಳಿಗೆ ಆ ಮುಂಗಡ ಬಿಡುತ್ತದೆಯೇ? ಈ ವಾರ ಊಟಕ್ಕೆ ಕೂತಾಗ ಮನೆಯವರೆಲ್ಲ ಇದನ್ನು ಮಾತಾಡಿ, ಮಕ್ಕಳೂ ಕೇಳಿಸಿಕೊಳ್ಳಲಿ.