ರೆಕ್ಕೆ ಮಡಿಸಿದಾಗ ಕಾಣುವ ಗುರುತು

ಮಾಕಳಿದುರ್ಗದ ತಪ್ಪಲು, ಘಾಟಿ ಸುಬ್ರಹ್ಮಣ್ಯದ ದಾರಿ, ದೊಡ್ಡಬಳ್ಳಾಪುರದ ಸುತ್ತಿನ ರಾಗಿ ಹೊಲಗಳು. ಇಷ್ಟರಲ್ಲೇ ಸುತ್ತಾಡುತ್ತ ಚಿಟ್ಟೆಗಳ ಫೋಟೋ ತೆಗೆಯುವುದು ನನಗೆ ಬಹಳ ದಿನದ ರೂಢಿ. ಈಗೀಗ ಪರಿಚಯದ ಮೇಷ್ಟರು, ಊರಿನ ಕಾಲೇಜು ಹುಡುಗರು ತಾವು ತೆಗೆದ ಚಿತ್ರಗಳನ್ನೂ ಕಳಿಸಿ ‘ಇದು ಯಾವುದು ಸಾರ್?’ ಎಂದು ಕೇಳುತ್ತಾರೆ. ಬರುವ ಚಿತ್ರಗಳೇನೋ ಚೆನ್ನಾಗಿಯೇ ಇರುತ್ತವೆ. ರೆಕ್ಕೆ ಪೂರ್ತಿ ಬಿಚ್ಚಿದ ಚಿಟ್ಟೆ, ಕೆಳಗೊಂದು ಹೂವು, ಹಿತವಾದ ಬಿಸಿಲು. ಹೆಸರು ಹೇಳಲು ಬೇಕಾದ ಗುರುತು ಮಾತ್ರ ಎಷ್ಟೋ ಸಲ ಅದರಲ್ಲಿ ಬಿದ್ದಿರುವುದೇ ಇಲ್ಲ. ಮನೆಗೆ ಬಂದು ಪುಸ್ತಕ ತೆರೆದರೆ ಆಗ ಯಾವ ಪುಸ್ತಕವೂ ಸಹಾಯಕ್ಕೆ ಬಾರದು. ಯಾವ ಚಿಟ್ಟೆಯಲ್ಲಿ ಎಲ್ಲಿ ನೋಡಬೇಕು ಅನ್ನುವುದು ಹೊಲದಲ್ಲಿ ನಿಂತಾಗಲೇ ತಲೆಯಲ್ಲಿರಬೇಕು.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ಹುಲ್ಲಿನ ಮಟ್ಟದಲ್ಲೇ ಹಾರಾಡುವ ಉಗುರಗಲದ ನೀಲಿ ಚಿಟ್ಟೆಗಳು. ಚಿಟ್ಟೆ ನೋಡುವವರು ಇವನ್ನು ಗ್ರಾಸ್ ಬ್ಲೂ ಅನ್ನುತ್ತಾರೆ. ಪೇಲ್, ಡಾರ್ಕ್, ಲೆಸ್ಸರ್, ಟೈನಿ ಎಂದು ನಾಲ್ಕು ಜಾತಿ ನಮ್ಮ ಸೀಮೆಯಲ್ಲಿ ಸಿಗುತ್ತವೆ. ರೆಕ್ಕೆ ಬಿಚ್ಚಿದಾಗ ಗಂಡು ನೀಲಿ, ಹೆಣ್ಣು ಕಂದು. ಪೇಲ್ ಗಂಡಿನದು ಬೆಳ್ಳಿ ಬೆರೆತ ತಿಳಿನೀಲಿ, ಡಾರ್ಕ್ ಗಂಡಿನದು ನೇರಳೆ ಕಡೆಗೆ ವಾಲಿದ ಕಡುನೀಲಿ ಅನ್ನುವುದು ನಿಜ. ಆದರೆ ಮೊಬೈಲ್ ಕ್ಯಾಮೆರಾ ಬಿಸಿಲಿಗೊಂದು, ಮೋಡಕ್ಕೊಂದು ನೀಲಿ ತೋರಿಸುತ್ತದೆ. ಹಾಗಾಗಿ ಬಣ್ಣವನ್ನು ನಂಬಿ ಹೆಸರು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ರೆಕ್ಕೆ ಮಡಿಸಿ ಕೂರುವವರೆಗೆ ಕಾದು, ಪಕ್ಕದಿಂದ, ಅದರ ಮಟ್ಟಕ್ಕೇ ಬಗ್ಗಿ ಒಂದು ಚಿತ್ರ ತೆಗೆದರೆ ಅರ್ಧ ಕೆಲಸ ಮುಗಿಯಿತು.

ಆ ಚಿತ್ರದಲ್ಲಿ ನೋಡಬೇಕಾದದ್ದು ಚುಕ್ಕೆಗಳನ್ನು. ಮುಂದಿನ ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುಗಟ್ಟಿದ ಒಂದು ಜಾಗವಿದೆ, ಅದಕ್ಕೆ ಸೆಲ್ ಎಂದು ಹೆಸರು. ಸೆಲ್‌ನ ತುದಿಯಲ್ಲಿ ನಾಲ್ಕಕ್ಕೂ ಒಂದು ಗೀಟು ಇರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸೆಲ್‌ನ ಒಳಗೆ ಬೇರೆಯಾಗಿ ಒಂದು ಚುಕ್ಕೆ ಇದೆಯೇ? ಇದ್ದರೆ ಪೇಲ್ ಅಥವಾ ಡಾರ್ಕ್. ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಟೈನಿಗೆ ಮುಂದಿನ ರೆಕ್ಕೆಯ ಮೇಲಂಚಿನಲ್ಲಿ ಎರಡು ಪುಟ್ಟ ಚುಕ್ಕೆಗಳು ಹೆಚ್ಚಿಗೆ ಇರುತ್ತವೆ. ಇನ್ನು ಹಿಂದಿನ ರೆಕ್ಕೆಯಲ್ಲಿ ಚುಕ್ಕೆಗಳ ಒಂದು ಸಾಲು ಬಾಗಿ ಹೋಗುತ್ತದೆ. ಡಾರ್ಕ್‌ನಲ್ಲಿ ಆ ಬಾಗು ಸರಾಗ. ಲೆಸ್ಸರ್‌ನಲ್ಲಿ ಮೇಲಿನಿಂದ ಎರಡನೆಯ ಚುಕ್ಕೆ, ಮಣಿಸರದ ಒಂದು ಮಣಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದ ಹಾಗೆ, ಬುಡದ ಕಡೆಗೆ ಸರಿದಿರುತ್ತದೆ. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಸುತ್ತ ಪುಲ್ಲಂಪುರಚಿ ಇದ್ದರೆ ಅದನ್ನೂ ಚಿತ್ರದಲ್ಲಿ ಹಿಡಿಯುತ್ತೇನೆ, ಪೇಲ್ ಗ್ರಾಸ್ ಬ್ಲೂ ಹುಳುವಿನ ಆಹಾರ ಅದೇ.

ಗಿಡ ನೋಡುವ ವಿಷಯದಲ್ಲಿ ನನಗೆ ಪಾಠ ಹೇಳಿದವರು ಒಬ್ಬ ಅಜ್ಜಿ. ಮುಂಗಾರಿನ ದಿನಗಳು, ಮಾಕಳಿ ಕಡೆಯ ಒಂದು ರಾಗಿ ಹೊಲ, ಅವರು ಕಳೆ ಕೀಳುತ್ತಿದ್ದರು. ಕಿತ್ತಳೆ ಬಣ್ಣದ, ಕಪ್ಪು ಅಂಚಿನ ಚಿಟ್ಟೆಯೊಂದು ನೆಲಕ್ಕೆ ಹತ್ತಿರದಲ್ಲೇ ಸುಳಿಯುತ್ತ ಗೋಣಿಸೊಪ್ಪಿನ ಮೇಲೆ ಇಳಿದು, ಹೊಟ್ಟೆ ಬಾಗಿಸಿ, ಎದ್ದು, ಮತ್ತೆ ಇಳಿಯುತ್ತಿತ್ತು. ನಾನು ಕೂತು ಫೋಟೋ ತೆಗೆಯುತ್ತಿದ್ದೆ.

‘ಅದು ಎಕ್ಕದ ಗಿಡದ ಚಿಟ್ಟೆ ಕಣಪ್ಪಾ. ಸೊಪ್ಪಿನ ಮೇಲೆ ಯಾಕ್ ಕೂತೈತೆ?’ ಅಂದರು.

‘ಮೊಟ್ಟೆ ಇಡ್ತಾ ಇದೆ ಅಜ್ಜಿ.’

‘ಹಂಗಾದ್ರೆ ಅದಲ್ಲ ಬಿಡು, ಬೇರೇದು.’

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಎಕ್ಕದ ಗಿಡದಲ್ಲಿ ಬೆಳೆಯುವುದು ಪ್ಲೇನ್ ಟೈಗರ್. ಎಕ್ಕದ ಹಾಲಿನ ವಿಷ ಹುಳುವಿನ ಮೈಸೇರಿ ಚಿಟ್ಟೆಗೂ ಬರುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ಗೋಣಿಸೊಪ್ಪು ತಿಂದು ಬೆಳೆಯುವ ಡನೈಡ್ ಎಗ್‌ಫ್ಲೈಗೆ ಅಂಥ ವಿಷವಿಲ್ಲ. ಅದರ ಹೆಣ್ಣು ಪ್ಲೇನ್ ಟೈಗರ್‌ನ ವೇಷ ತೊಟ್ಟು ಬದುಕುತ್ತದೆ. ಗಂಡಿನದು ಬೇರೆಯೇ ರೂಪ: ಕಪ್ಪು ರೆಕ್ಕೆ, ಅದರ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಚುಕ್ಕೆಗಳು. ಹೆಣ್ಣಿನ ಚಿತ್ರ ಸಿಕ್ಕಾಗ ಹಿಂದಿನ ರೆಕ್ಕೆಯ ನಡುಭಾಗ ನೋಡಬೇಕು. ಪ್ಲೇನ್ ಟೈಗರ್ ಹೆಣ್ಣಿಗೆ ಅಲ್ಲಿ ಮೂರು ಕಪ್ಪು ಚುಕ್ಕೆ, ಗಂಡಿಗೆ ನಾಲ್ಕು. ಎಗ್‌ಫ್ಲೈಗೆ ಮೇಲಂಚಿನ ಹತ್ತಿರ ಒಂದೇ ಒಂದು. ಪ್ಲೇನ್ ಟೈಗರ್‌ನ ಕಪ್ಪು ಎದೆಯ ಮೇಲೆ ಬಿಳಿ ಚುಕ್ಕಿಗಳು ಎರಚಿದಂತಿರುತ್ತವೆ, ಎಗ್‌ಫ್ಲೈಗೆ ಅವಿಲ್ಲ. ರೆಕ್ಕೆಯ ಚಂದ ನೋಡುವ ಭರದಲ್ಲಿ ನಾವು ಮೈಯನ್ನು ಫೋಕಸ್ ಮಾಡುವುದೇ ಕಡಿಮೆ. ಅಲ್ಲಿಂದೀಚೆಗೆ ನಾನು ಪ್ರತಿ ಚಿಟ್ಟೆಗೂ ಮೈ ಸ್ಪಷ್ಟವಾಗಿರುವ ಒಂದು ಚಿತ್ರ, ಅದು ಕೂತ ಗಿಡದ ಎಲೆಯ ಒಂದು ಚಿತ್ರ ತಪ್ಪದೆ ತೆಗೆಯುತ್ತೇನೆ.

ಹಿತ್ತಲ ಕರಿಬೇವಿಗೆ, ನಿಂಬೆ ಗಿಡಕ್ಕೆ ಬರುವ ಕಾಮನ್ ಮಾರ್ಮನ್‌ನಲ್ಲೂ ಮೈಯೇ ಸಾಕ್ಷಿ. ಅದರ ಹೆಣ್ಣಿಗೆ ನಮ್ಮಲ್ಲಿ ಮೂರು ರೂಪ. ಒಂದು ಗಂಡಿನ ಹಾಗೆ, ಇನ್ನೊಂದು ಕಾಮನ್ ರೋಸ್ ಹಾಗೆ, ಮತ್ತೊಂದು ಕ್ರಿಮ್ಸನ್ ರೋಸ್ ಹಾಗೆ. ಈಶ್ವರಿ ಬಳ್ಳಿಯಲ್ಲಿ ಬೆಳೆಯುವ ರೋಸ್‌ಗಳ ಮೈ ಕೆಂಪು. ವೇಷ ಎಷ್ಟೇ ಚೆನ್ನಾಗಿದ್ದರೂ ಮಾರ್ಮನ್‌ನ ಮೈ ಕಪ್ಪಾಗಿಯೇ ಉಳಿದಿರುತ್ತದೆ. ಹಾರುತ್ತಿರುವಾಗ ತೆಗೆದ ಮಸುಕು ಚಿತ್ರದಲ್ಲೂ ಇದಿಷ್ಟು ತಿಳಿಯುತ್ತದೆ. ಈ ಹೆಣ್ಣುಗಳ ಬಗ್ಗೆ ಆಲ್ಫ್ರೆಡ್ ರಸಲ್ ವಾಲೇಸ್ 1865ರಲ್ಲೇ ಬರೆದಿದ್ದ. ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ಈ ವೇಷಗಳನ್ನು ನಿಯಂತ್ರಿಸುತ್ತದೆ ಎಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದವರ ತಂಡದಲ್ಲಿ ಮೊದಲ ಹೆಸರು ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಅವರದು. ಕರಿಬೇವಿನ ಗಿಡದ ಮುಂದೆ ನಿಂತಾಗಲೆಲ್ಲ ನನಗೆ ಇದು ನೆನಪಾಗಿ ಸಂತೋಷವಾಗುತ್ತದೆ.

ಗಿಡವೊಂದನ್ನೇ ನಂಬುವ ಹಾಗೂ ಇಲ್ಲ. ರಾಗಿಯ ಅಕ್ಕಡಿ ಸಾಲಿನಲ್ಲಿ ಹಾಕಿದ ಹರಳು ಗಿಡದ ಹತ್ತಿರ ಇಟ್ಟಿಗೆ ಬಣ್ಣದ ಕಾಮನ್ ಕ್ಯಾಸ್ಟರ್ ಕಾಣಿಸುತ್ತದೆ, ಆ್ಯಂಗಲ್ಡ್ ಕ್ಯಾಸ್ಟರ್‌ಗೂ ಅದೇ ಗಿಡ ಆಗುತ್ತದೆ. ಇಲ್ಲಿ ರೆಕ್ಕೆಯ ಗೀಟುಗಳನ್ನೇ ನೋಡಬೇಕು. ಕಾಮನ್‌ನಲ್ಲಿ ಜೋಡಿ ಗೀಟುಗಳು ಅಲೆಯಲೆಯಾಗಿ ಹೋಗುತ್ತವೆ. ಆ್ಯಂಗಲ್ಡ್‌ನಲ್ಲಿ ಒಂಟಿ ಗೀಟು, ಮುಂದಿನ ರೆಕ್ಕೆಯ ಅಂಚು ಮೊನಚಾಗಿ ಹೊರಚಾಚಿರುತ್ತದೆ.

ಹಳದಿ ಗ್ರಾಸ್ ಯೆಲ್ಲೋಗಳು ಕೂತಾಗ ರೆಕ್ಕೆ ಬಿಚ್ಚುವುದೇ ಅಪರೂಪ. ಕೆಳಮೈಯಲ್ಲಿ, ಮುಂದಿನ ರೆಕ್ಕೆಯ ಸೆಲ್‌ನೊಳಗೆ ಕಾಮನ್‌ಗೆ ಸಾಮಾನ್ಯವಾಗಿ ಎರಡು ಗುರುತು, ತ್ರೀ-ಸ್ಪಾಟ್‌ಗೆ ಹೆಸರೇ ಹೇಳುವಂತೆ ಮೂರು. ಇವಕ್ಕೆ ನಾನು ಬಿಸಿಲಿಗೆ ಎದುರಾಗಿ ಕೂರುತ್ತೇನೆ. ಬೆಳಕು ರೆಕ್ಕೆಯ ಮೂಲಕ ಹಾದು ಬಂದಾಗ ಮೇಲ್ಮೈಯ ಕಪ್ಪು ಅಂಚು ಒಳಗಿನಿಂದ ಮೂಡಿ ಕಾಣುತ್ತದೆ. ಕಾಮನ್ ಗ್ರಾಸ್ ಯೆಲ್ಲೋದ ಅಂಚಿನಲ್ಲಿ ಆಳವಾದ ಕಚ್ಚು ಇರುವುದು ಆಗ ಎದ್ದು ತೋರುತ್ತದೆ. ಫೋಟೋಗ್ರಾಫರುಗಳು ಬೇಡವೆನ್ನುವ ಎದುರು ಬೆಳಕು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಬುಶ್‌ಬ್ರೌನ್‌ಗಳ ಮುಂದೆ ಈ ಯಾವ ಉಪಾಯವೂ ಸಾಲದ ಕಾಲವೊಂದಿದೆ. ಮಳೆಗಾಲದಲ್ಲಿ ಅವುಗಳ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಾಕಾರದ ಬೊಟ್ಟುಗಳು ಸಾಲಾಗಿರುತ್ತವೆ. ಕಾಮನ್ ಬುಶ್‌ಬ್ರೌನ್, ಡಾರ್ಕ್-ಬ್ರಾಂಡ್ ಬುಶ್‌ಬ್ರೌನ್ ಎಂದು ಬೇರೆ ಮಾಡಲು ಆ ಬೊಟ್ಟುಗಳ ನೆಲೆಯೇ ಆಧಾರ. ಬೇಸಿಗೆಯ ಪೀಳಿಗೆ ತರಗೆಲೆಯ ಬಣ್ಣಕ್ಕೆ ತಿರುಗಿ ಬೊಟ್ಟುಗಳು ಸೂಜಿಮೊನೆಯಷ್ಟಾಗುತ್ತವೆ. ಆಗ ನಾನು ‘ಬುಶ್‌ಬ್ರೌನ್’ ಎಂದಷ್ಟೇ ಬರೆದು ನಿಲ್ಲಿಸುತ್ತೇನೆ. ಕೇಳಿದವರಿಗೆ ಕೆಲವೊಮ್ಮೆ ಬೇಸರವಾಗುತ್ತದೆ. ಆದರೆ ಊಹೆಯ ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಅದನ್ನು ಆಮೇಲೆ ಕಿತ್ತುಹಾಕುವುದು ಬಹಳ ಕಷ್ಟ.

ಪಟ್ಟಿಯ ಮಾತು ಯಾಕೆ ಮುಖ್ಯ ಅಂದರೆ, ನಮ್ಮ ಜಿಲ್ಲೆಯ ನೆಲ ಬದಲಾಗುತ್ತಿರುವ ವೇಗ ಅಂಥದ್ದು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಹೊಲಗಳು ಒಂದೊಂದಾಗಿ ಲೇಔಟ್ ಆಗುತ್ತಿವೆ. ಹೊಲ ಹೋದರೆ ಗೋಣಿಸೊಪ್ಪು, ಬದುವಿನ ಹುಲ್ಲು, ಅಕ್ಕಡಿಯ ಹರಳು ಕೂಡ ಹೋದಂತೆ. ‘ಒಂದು ನೀಲಿ ಚಿಟ್ಟೆ ಇತ್ತು’ ಅನ್ನುವ ದಾಖಲೆಯಿಂದ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಮುಂದಿನವರಿಗೆ ತಿಳಿಯಲಾರದು. ಅದಕ್ಕೇ ಹುಡುಗರಿಗೆ ಹೇಳುತ್ತೇನೆ: ವಾಟ್ಸಾಪ್‌ನಲ್ಲಿ ಫೋಟೋ ಹಾಗೇ ಕಳಿಸಿದರೆ ಚುಕ್ಕೆಗಳು ಕಲಸಿಹೋಗುತ್ತವೆ, ತೆಗೆದ ದಿನ ಮತ್ತು ಜಾಗದ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸಿ, ಜೊತೆಗೆ ಊರಿನ ಹೆಸರು, ತಾರೀಖು, ಕೂತಿದ್ದ ಗಿಡ ಯಾವುದು ಎಂದು ಒಂದು ಸಾಲು ಬರೆಯಿರಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೊಲದಲ್ಲಿ ಕೆಲಸ ಮಾಡುತ್ತಿರುವ ಹಿರಿಯರನ್ನು ಕೇಳಿ.