ಗಣಕದ ಎಳೆಗಳು: ಎಚ್‌ಟಿಟಿಪಿ ಕ್ಲೈಂಟಿನ ಸರಳ ಜೋಡಣೆ

ಎಳೆಯೆಂಬ ಶಬ್ದವು ಇಳಕಲ್ಲಿನವರಿಗೆ ಹೊಸದಲ್ಲ. ಗಣಕಶಾಸ್ತ್ರದಲ್ಲಿಯೂ ಅದು ಸಲ್ಲುತ್ತದೆ. ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕಾರ್ಯಧಾರೆಗಳಿಗೆ ಅಲ್ಲಿ ಥ್ರೆಡ್, ಎಂದರೆ ಎಳೆ, ಎಂದು ಹೆಸರು. ದೂರದ ಸರ್ವರಿನಿಂದ ಎಚ್‌ಟಿಟಿಪಿ ನಿಯಮದಂತೆ ಮಾಹಿತಿಯನ್ನು ತರಿಸಿಕೊಡುವ ಸಿದ್ಧಸಾಧನವೇ ಕ್ಲೈಂಟ್ ಲೈಬ್ರರಿ. (ಇಲ್ಲಿ ಲೈಬ್ರರಿಯೆಂದರೆ ಪುಸ್ತಕಭಂಡಾರವಲ್ಲ, ಮರಳಿ ಮರಳಿ ಬಳಸಬಹುದಾದ ಪ್ರೋಗ್ರಾಮುಗಳ ಕಟ್ಟು.) ಹಲವು ಎಳೆಗಳು ಒಂದೇ ಕ್ಲೈಂಟನ್ನು ಹಂಚಿಕೊಂಡರೂ ಒಂದರ ಕೆಲಸ ಇನ್ನೊಂದರಿಂದ ಕೆಡದಿದ್ದರೆ ಅದು ಎಳೆ-ಸುರಕ್ಷಿತವೆನಿಸುವುದು.

ಜಾವಾ ಭಾಷೆಯಲ್ಲಿ ಬಹುವಾಗಿ ಬಳಕೆಯಾದ ಅಪಾಚೆ ಎಚ್‌ಟಿಟಿಪಿ ಕ್ಲೈಂಟಿನ 4.0ನೆಯ ಆವೃತ್ತಿ 2009ರಲ್ಲಿ ಹೊರಬಂದಿತು. ಅದರಲ್ಲಿ ಈ ಸುರಕ್ಷತೆ ಸುಲಭಸಾಧ್ಯವಾಗಿರಲಿಲ್ಲ. ನಿಯತಾಂಕಗಳ ಗುಚ್ಛ, 80 ಹಾಗೂ 443ನೆಯ ಪೋರ್ಟುಗಳ ನೋಂದಣಿ, ಸಂಪರ್ಕಗಳ ನಿರ್ವಾಹಕ ಇವೆಲ್ಲವನ್ನೂ ಬರೆಯುವವನೇ ಜೋಡಿಸಬೇಕಾಗಿತ್ತು. ಕೆಲಸದ ನಡುವೆ ನಿಯತಾಂಕಗಳನ್ನು ತಿದ್ದಲೂ ಎಡೆಯಿತ್ತು. 2013ರ 4.3ನೆಯ ಆವೃತ್ತಿಯು ಈ ಕ್ರಮವನ್ನು ಬದಲಿಸಿತು. ಬೇಕಾದುದನ್ನೆಲ್ಲ ಮೊದಲೇ ಹೇಳಿ ಕ್ಲೈಂಟನ್ನು ಕಟ್ಟಿಸಬೇಕು. ಕಟ್ಟಿದ ಮೇಲೆ ಅದರ ವಿನ್ಯಾಸ ಸ್ಥಿರ. ಮಗ್ಗಕ್ಕೆ ಹಾಸು ಹೂಡಿದ ಬಳಿಕ ನೇಯುವ ನಡುವೆ ಅದರ ಎಳೆಗಳ ಎಣಿಕೆಯನ್ನು ಯಾವ ನೇಕಾರನೂ ಬದಲಿಸನಷ್ಟೆ. ಈ ಹೋಲಿಕೆಗೂ ಮಿತಿಯುಂಟು: ಮಗ್ಗದ ಎಳೆ ತುಂಡಾದರೆ ಕಣ್ಣಿಗೆ ಕಾಣುತ್ತದೆ, ಗಣಕದ್ದು ಕಾಣದು.

ಆದರೆ ಒಂದೆರಡು ಸಾಲಿನಲ್ಲಿ ಕ್ಲೈಂಟು ಸಿದ್ಧವಾಯಿತೆಂದು ಹಿಗ್ಗುವವರು ಅದರೊಳಗೆ ಅಡಗಿದ ಎರಡು ಸಂಖ್ಯೆಗಳನ್ನು ಅರಿತಿರಬೇಕು. ಮೊದಲನೆಯದು ಸಂಪರ್ಕಗಳ ಮಿತಿ. ಒಬ್ಬ ಬಳಕೆದಾರನು ಒಂದು ಸರ್ವರಿನೊಡನೆ 2ಕ್ಕಿಂತ ಹೆಚ್ಚು ಸಂಪರ್ಕಗಳನ್ನು ಇರಿಸಿಕೊಳ್ಳಬಾರದೆಂದು 1999ರ ಎಚ್‌ಟಿಟಿಪಿ ನಿಯಮಾವಳಿ ಸೂಚಿಸಿತ್ತು. 2014ರ ಪರಿಷ್ಕರಣದಲ್ಲಿ ಆ ಸಂಖ್ಯೆ ಬಿಟ್ಟುಹೋಯಿತು. ಆದರೂ ಅಪಾಚೆಯ 4ನೆಯ ಸರಣಿಯಲ್ಲಿ ಏನನ್ನೂ ಹೇಳದಿದ್ದರೆ ಒಂದು ಸರ್ವರಿಗೆ 2, ಒಟ್ಟಿಗೆ 20 ಸಂಪರ್ಕಗಳೆಂಬ ಮಿತಿಯೇ ನಿಂತಿತು, 2020ರ 5.0ರಲ್ಲಿ ಅದು 5 ಮತ್ತು 25 ಆಯಿತು. ಶಾಲೆಯೊಂದರ ಕಚೇರಿಯ ಪ್ರೋಗ್ರಾಮು 50 ಎಳೆಗಳಿಂದ ಒಂದೇ ಸರ್ವರಿಗೆ ವಿದ್ಯಾರ್ಥಿಗಳ ವಿವರ ಕೇಳಿತೆನ್ನಿ. ಹಳೆಯ ಮಿತಿಯಲ್ಲಿ ಎರಡು ಮುಂದೆ ಹೋಗುವುವು, 48 ಸಾಲಿನಲ್ಲಿ ನಿಲ್ಲುವುವು. ದೋಷಸೂಚನೆಯೇನೂ ಬಾರದು, ಕೆಲಸ ಮಾತ್ರ ನಿಧಾನ.

ಎರಡನೆಯದು ಕಾಲಮಿತಿ. ಇದೇ ಹೆಚ್ಚು ಅಪಾಯದ್ದು. 2018ರ ಜಾವಾ 11ರೊಡನೆ ಬಂದ ಸ್ವಂತ ಕ್ಲೈಂಟು ಬಲು ಸರಳ. ಆದರೆ ಅವಧಿಯನ್ನು ಹೇಳದಿದ್ದರೆ ಉತ್ತರಕ್ಕಾಗಿ ಮಿತಿಯಿಲ್ಲದೆ ಕಾಯುತ್ತದೆ. ಆಚೆಯ ಸರ್ವರು ಮೌನವಾದರೆ ಈಚೆಯ ಎಳೆಗಳು ಒಂದೊಂದಾಗಿ ನಿಂತು, ಕಡೆಗೆ ಕಚೇರಿಯ ಕೆಲಸವೇ ನಿಲ್ಲಬಹುದು. ಆದಕಾರಣ ಸಂಪರ್ಕ ಬೆಳೆಸಲು ಕೆಲವೇ ಸೆಕೆಂಡು, ಉತ್ತರ ಪಡೆಯಲು ಅದಕ್ಕಿಂತ ತುಸು ಹೆಚ್ಚು ಎಂದು ಅವಧಿಯನ್ನು ಗೊತ್ತುಪಡಿಸುವುದು ಯುಕ್ತ. ಸಂಪರ್ಕಗಳ ಸಂಖ್ಯೆಯನ್ನಾದರೋ ತನ್ನ ಎಳೆಗಳನ್ನಷ್ಟೇ ಎಣಿಸಿ ನಿರ್ಧರಿಸದೆ, ಆಚೆಯ ಸರ್ವರು ಎಷ್ಟನ್ನು ತಾಳಬಲ್ಲದೆಂಬುದನ್ನೂ ವಿಚಾರಿಸಿ ಇಡತಕ್ಕದ್ದು.