ರಿಸಲ್ಟ್ ಬಂದ ರಾತ್ರಿ ಏನು ಕೇಳಬೇಕು?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ 94% ತಗೊಂಡು ಮೊದಲು ಬಂತು. ನಮ್ಮ ಯಾದಗಿರಿ 50.59% ಜೊತೆ ಕೊನೆಗೆ. ಪೇಪರ್‌ನಲ್ಲಿ ಅದೊಂದು ಟೇಬಲ್ ಅಷ್ಟೆ. ಆದ್ರೆ ಶಹಾಪುರ, ಸುರಪುರದಂಥ ಊರುಗಳಲ್ಲಿ ಅದರರ್ಥ, ಪರೀಕ್ಷೆ ಬರೆದ ಸುಮಾರು ಇಬ್ಬರಲ್ಲಿ ಒಬ್ಬರು ಅವತ್ತು ಮನೆಯವರ ಮುಖ ನೋಡೋಕೆ ಹಿಂಜರಿದಿದ್ದಾರೆ. ಈಗ ಅದೇ ವರ್ಷ ಪರೀಕ್ಷೆ-2 ಬರೆಯಬಹುದು. ಇದು ಒಳ್ಳೆಯ ಬದಲಾವಣೆ, ಆದ್ರೆ ಆ ರಾತ್ರಿ ಇದನ್ನು ಯಾರಾದ್ರೂ ಪಕ್ಕದಲ್ಲಿ ಕೂತು ಹೇಳಬೇಕಲ್ವಾ?

ಫೇಲ್ ಆದವರೆಲ್ಲ ಅಪಾಯದಲ್ಲಿದ್ದಾರೆ ಅಂತ ಅಲ್ಲ. ಆತ್ಮಹತ್ಯೆಗೆ ಒಂದೇ ಕಾರಣ ಅಂತ ಇರಲ್ಲ. ಸಾಲ, ಮನೆ ಜಗಳ, ಪ್ರೀತಿ, ಖಿನ್ನತೆ ಎಲ್ಲ ಸೇರಿಕೊಂಡಿರುತ್ತೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಹೀಗೆ ಹೋದ ವಿದ್ಯಾರ್ಥಿಗಳು 13,044. ಜಗತ್ತಿನ ಲೆಕ್ಕದಲ್ಲೂ ಇಂಥ ಸಾವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳದ್ದೇ.

ತಡೆಯೋಕೆ ಆಗಲ್ಲ ಅನ್ನೋರಿಗೆ ಶ್ರೀಲಂಕಾ ಉತ್ತರ. ಅಲ್ಲಿ ಅತಿ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರಲ್ಲಿ ತುತ್ತತುದಿಯಲ್ಲಿದ್ದ ಆತ್ಮಹತ್ಯೆ ಪ್ರಮಾಣ 2005ರ ಹೊತ್ತಿಗೆ ಅರ್ಧಕ್ಕೆ ಬಂತು. ಕಾರಣ ಸರಳ: ಆ ತೀವ್ರ ಕ್ಷಣ ಬಹಳ ಸಲ ಬಂದು ಹೋಗುವಂಥದ್ದು. ಅದನ್ನು ದಾಟಿಸಿದರೆ ಹೆಚ್ಚಿನವರು ಬದುಕ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸೇಫ್ಟಿ ಡಿಸೈನ್. ಮನುಷ್ಯನನ್ನು ಬೈಯೋದಲ್ಲ, ಸಿಸ್ಟಮ್ ಬದಲಿಸೋದು. ನಾರಾಯಣಪುರ ಕಾಲುವೆ ನೀರಲ್ಲಿ ಹತ್ತಿ, ಭತ್ತ ಬೆಳೆಯುವ ನಮ್ಮ ಮನೆಗಳಲ್ಲಿ ಔಷಧಿ ಡಬ್ಬಿ ಮೂಲೆಯಲ್ಲೇ ಇರುತ್ತೆ. ಅದಕ್ಕೊಂದು ಪೆಟ್ಟಿಗೆ, ಬೀಗ, ಕೀಲಿ ದೊಡ್ಡವರ ಹತ್ತಿರ. ರಜೆಗೆ ಊರಿಗೆ ಹೋದಾಗ ನಾವೇ ಮಾಡಬಹುದಾದ ಕೆಲಸ ಇದು.

ಇನ್ನೊಂದು ತಪ್ಪು ತಿಳುವಳಿಕೆ: ಕೇಳಿದರೆ ತಲೆಗೆ ಆ ಯೋಚನೆ ತುಂಬಿದ ಹಾಗಾಗುತ್ತೆ ಅಂತ. ಹಾಗಾಗಲ್ಲ. "ಸಾಯಬೇಕು ಅನಿಸ್ತಿದೆಯಾ?" ಅಂತ ನೇರವಾಗಿ, ಮೆಲ್ಲಗೆ ಕೇಳಬಹುದು. ಹೌದು ಅಂದ್ರೆ ಉಪದೇಶ ಶುರು ಮಾಡಬೇಡಿ. ನನಗಂತೂ "ಧೈರ್ಯವಾಗಿರು" ಅನ್ನೋದು ಜಗತ್ತಿನ ಅತ್ಯಂತ ಕೆಲಸಕ್ಕೆ ಬಾರದ ಸಲಹೆ ಅನ್ಸುತ್ತೆ. ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ, ಗುಟ್ಟಾಗಿಡ್ತೀನಿ ಅಂತ ಆಣೆ ಮಾಡಬೇಡಿ. ಆ ಆಣೆ ಮುರಿಯಲೇಬೇಕಾಗುತ್ತೆ.

ಮುಂದೆ ಯಾರಿಗೆ ಹೇಳೋದು? ಟೆಲಿ-ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನ ಬೆಂಗಳೂರಿನ ಐಐಐಟಿಯದ್ದು. ಆಸ್ಪತ್ರೆ ಬೇಕಂದ್ರೆ ಬೆಂಗಳೂರಿಗೇ ಹೋಗಬೇಕಿಲ್ಲ. ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯ ಚಿಕಿತ್ಸೆ ಸಿಗಲಿ ಅನ್ನೋ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿಯಲ್ಲೇ; ಅದೇ ಆಮೇಲೆ ದೇಶದ ಕಾರ್ಯಕ್ರಮವಾಯ್ತು. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಇದೆ. ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಪ್ರಾಣಾಪಾಯ ಇದ್ರೆ ಮಾತ್ರ ಕಾಯಬೇಡಿ, ತಕ್ಷಣ 108.

ಊರಲ್ಲಿ ಬಹಳ ಮನೆಯವರು ಮುಚ್ಚಿಡೋದು ಪೊಲೀಸ್ ಕೇಸಿನ ಭಯಕ್ಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಶಿಕ್ಷೆ ಅಲ್ಲ, ಆರೈಕೆ ಕೊಡೋದು ಸರ್ಕಾರದ ಹೊಣೆ. ಇದನ್ನು ಅಪ್ಪ ಅಮ್ಮನಿಗೆ ಹೇಳಿ.

ನಮ್ಮ ಸೆಮಿಸ್ಟರ್ ರಿಸಲ್ಟೂ ಬರೋದಿದೆ. ಹಾಸ್ಟೆಲಲ್ಲಿ ಯಾರ ರೂಮ್ ಬಾಗಿಲು ಹಾಕಿದೆ, ಯಾರು ಊಟಕ್ಕೆ ಬಂದಿಲ್ಲ ಅಂತ ಅವತ್ತು ಒಮ್ಮೆ ನೋಡಿ. ಬಾಗಿಲು ತಟ್ಟಿ, ತಟ್ಟೆ ತಗೊಂಡೇ ಹೋಗಿ.